ಗಡ್ಡೆಯ ಸುತ್ತ ಏನಿದೆ? ಲಿವರ್ ಮತ್ತು ಪಿತ್ತನಾಳದ ಕ್ಯಾನ್ಸರ್ ಬಗ್ಗೆ

(ಬೆಂಗಳೂರಿನ ಬಸವನಗುಡಿಯಲ್ಲಿ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಪರದೆಯ ಮೇಲಿನ ಚಿತ್ರವನ್ನು ಒಂದು ನಿಮಿಷ ಸುಮ್ನೆ ನೋಡಿ. ಇದು ಪಿತ್ತನಾಳದ ಕ್ಯಾನ್ಸರ್‌ನ ಒಂದು ಚೂರು. ಲಿವರ್‌ಗೆ ಸೂಜಿ ಹಾಕಿ ತೆಗೆದದ್ದು. ದಾರದ ಎಳೆಯಷ್ಟು ದಪ್ಪ, ಅಷ್ಟೆ. ಅದನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಕೂರಿಸಿ, ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಕೊಯ್ದು, ಗಾಜಿನ ಮೇಲೆ ಹರಡಿ ಎರಡು ಬಣ್ಣ ಹಾಕಿದ್ದೇವೆ. ನೀಲಿಯಾಗಿ ಕಾಣುವುದು ಜೀವಕೋಶಗಳ ನ್ಯೂಕ್ಲಿಯಸ್. ಮಿಕ್ಕದ್ದೆಲ್ಲ ಗುಲಾಬಿ. ಈಗ ಹೇಳಿ, ಇದರಲ್ಲಿ ಕ್ಯಾನ್ಸರ್ ಎಲ್ಲಿದೆ?

ಹೆಚ್ಚಿನವರ ಕೈ ಗುಲಾಬಿ ಅಲೆಗಳ ಕಡೆ ಹೋಯಿತು. ಚಿತ್ರದ ತುಂಬ ಅದೇ ಇದೆಯಲ್ಲ. ಆದರೆ ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಈ ಮೂಲೆಯಲ್ಲಿದೆ. ಒಡೆದ ಬಳೆ ಚೂರುಗಳ ಹಾಗೆ ಕಾಣುವ ನಾಲ್ಕೈದು ಉಂಗುರ, ಅಲ್ಲೊಂದು ಇಲ್ಲೊಂದು. ಉಳಿದದ್ದು ನಾರು, ನಾರು ನೇಯುವ ಕೋಶಗಳು, ರಕ್ತನಾಳಗಳು, ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳು. ಅಷ್ಟೂ ರೋಗಿಯದೇ. ಕೈಗೆ ಸಿಗುವ ಇಂಥ ಗಟ್ಟಿ ಗಡ್ಡೆಯಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳೇ ಕಡಿಮೆ.

ನಾನು ಪೆಥಾಲಜಿಸ್ಟ್. ರೋಗಿಯ ಮುಖ ನೋಡುವುದು ಅಪರೂಪ, ದಿನವಿಡೀ ನೋಡುವುದು ಇಂಥ ಗಾಜುಗಳನ್ನು. ಓದುವ ಕಾಲದಲ್ಲಿ ನಮಗೆ ಉಂಗುರ ಹುಡುಕಲು ಹೇಳಿಕೊಡುತ್ತಿದ್ದರು. ಗುಲಾಬಿ ಭಾಗವನ್ನು ದಾಟಿಕೊಂಡು ಹೋಗುತ್ತಿದ್ದೆವು. ಹೊಲ ನೋಡಲು ಹೋಗಿ ಬರೀ ಕಳೆ ಎಣಿಸಿಕೊಂಡು ಬಂದ ಹಾಗೆ. ಮಣ್ಣು ಹೇಗಿದೆ, ನೀರು ಎಲ್ಲಿಂದ ಬರುತ್ತಿದೆ, ಬೇಲಿ ಯಾರು ಕಟ್ಟಿದರು, ಯಾರೂ ಕೇಳುತ್ತಿರಲಿಲ್ಲ. ಇವತ್ತು ಆ ಗುಲಾಬಿ ಭಾಗದ ಬಗ್ಗೆಯೇ ಮಾತಾಡುತ್ತೇನೆ. ಈಚಿನ ಇಪ್ಪತ್ತು ವರ್ಷದಲ್ಲಿ ಬಂದ ಔಷಧಿಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅದನ್ನು ಬಿಟ್ಟು ಸಾಧ್ಯವಿಲ್ಲ.

ಮಣ್ಣಿನ ಹೋಲಿಕೆ ನನ್ನದಲ್ಲ. 1889ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಪ್ಯಾಜೆಟ್ ಎಂಬ ಶಸ್ತ್ರವೈದ್ಯ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಜನರ ದಾಖಲೆ ನೋಡಿದ. ರೋಗ ಕೆಲವೇ ಅಂಗಗಳಿಗೆ ಮತ್ತೆ ಮತ್ತೆ ಹರಡುತ್ತಿತ್ತು. ಲಿವರ್ ಅದರಲ್ಲಿ ಮುಖ್ಯವಾದದ್ದು. ಬೀಜ ಎಲ್ಲ ಕಡೆ ಬೀಳುತ್ತದೆ, ಒಪ್ಪುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಎಂದು ಬರೆದ. ಸುಮಾರು ನೂರು ವರ್ಷದ ನಂತರ, 1986ರಲ್ಲಿ, ಬಾಸ್ಟನ್‌ನ ಹೆರಾಲ್ಡ್ ಡ್ವೊರಾಕ್ ಇನ್ನೊಂದು ಮಾತು ಸೇರಿಸಿದರು. ಗಡ್ಡೆ ಎಂದರೆ ವಾಸಿಯಾಗದ ಗಾಯ ಎಂದರು. ಅವರೂ ಪೆಥಾಲಜಿಸ್ಟ್. ಈ ಮಾತು ನನಗೆ ತುಂಬ ಹಿಡಿಸಿದ್ದು. ಕೈ ಕೊಯ್ದುಕೊಂಡರೆ ಏನಾಗುತ್ತದೆ? ರಕ್ತ ಹೆಪ್ಪುಗಟ್ಟುತ್ತದೆ, ಹೊಸ ರಕ್ತನಾಳ ಮೂಡುತ್ತದೆ, ನಾರು ಬಂದು ಸೇರುತ್ತದೆ, ಕೆಲವು ವಾರಕ್ಕೆ ಕೆಲಸ ನಿಲ್ಲುತ್ತದೆ. ಗಡ್ಡೆಯ ಸುತ್ತಲೂ ಇದೇ ಕೆಲಸ ನಡೆಯುತ್ತದೆ. ನಿಲ್ಲುವುದಿಲ್ಲ, ಅಷ್ಟೆ.

ಈಗ ಲಿವರ್‌ಗೆ ಬರೋಣ. ಬಲಗಡೆ ಪಕ್ಕೆಲುಬಿನ ಕೆಳಗೆ ಸುಮಾರು ಒಂದೂವರೆ ಕಿಲೋ ತೂಕದ ಅಂಗ. ಬೇರೆ ಅಂಗಗಳಿಗೆ ಅಪಧಮನಿಯಿಂದ ಶುದ್ಧ ರಕ್ತ ಬರುತ್ತದೆ. ಲಿವರ್‌ಗೆ ಎರಡು ದಾರಿ. ನಾಲ್ಕರಲ್ಲಿ ಮೂರು ಪಾಲು ರಕ್ತ ಕರುಳಿನಿಂದ, ಪೋರ್ಟಲ್ ರಕ್ತನಾಳದ ಮೂಲಕ ಬರುತ್ತದೆ. ಒಂದು ಪಾಲು ಮಾತ್ರ ಅಪಧಮನಿಯಿಂದ. ಕರುಳಿನ ರಕ್ತ ಎಂದರೆ ತಿಂದ ಊಟದ ಸಾರ, ಕುಡಿದದ್ದು, ಮಾತ್ರೆ, ಕರುಳಿನ ಬ್ಯಾಕ್ಟೀರಿಯಾಗಳ ಚೂರುಪಾರು, ಎಲ್ಲವೂ ಸೇರಿದ್ದು.

ಬೆಳಗಿನ ಜಾವ ನಾಲ್ಕು ಗಂಟೆಗೆ ಕೆ.ಆರ್. ಮಾರ್ಕೆಟ್‌ಗೆ ಹೋಗಿದ್ದೀರಾ? ಹೂವಿನ ಮೂಟೆ, ತರಕಾರಿ ಲಾರಿ, ತಳ್ಳುಗಾಡಿ, ಗೊತ್ತಿರುವವರು, ಗೊತ್ತಿಲ್ಲದವರು. ಅಲ್ಲಿನ ಕಾವಲುಗಾರ ಒಳಗೆ ಬಂದ ಪ್ರತಿಯೊಬ್ಬರನ್ನೂ ತಡೆದು ಜಗಳಕ್ಕೆ ನಿಂತರೆ ಮಾರ್ಕೆಟ್ ನಡೆಯುತ್ತದಾ? ಇಲ್ಲ. ಅವನು ಎಷ್ಟೋ ವಿಷಯ ಕಂಡೂ ಕಾಣದ ಹಾಗೆ ಇರಬೇಕು. ಲಿವರ್‌ನ ಕಾವಲು ಕೋಶಗಳೂ ಹಾಗೇ ಪಳಗಿವೆ. ಊಟದಲ್ಲಿ ಬಂದ ಪ್ರತಿ ಹೊಸ ವಸ್ತುವಿಗೂ ಅವು ಕೆರಳಿದರೆ ನಾವು ಬದುಕುವ ಹಾಗಿಲ್ಲ. ಅದಕ್ಕೇ ಲಿವರ್ ಕಸಿ ಮಾಡಿದಾಗ ದೇಹ ಬೇರೆಯವರ ಅಂಗವನ್ನು ಕಿಡ್ನಿ, ಹೃದಯಕ್ಕಿಂತ ಸುಲಭವಾಗಿ ಒಪ್ಪಿಕೊಳ್ಳುತ್ತದೆ. ಈ ತಾಳ್ಮೆ ಲಿವರ್‌ನ ದೊಡ್ಡ ಗುಣ. ಕ್ಯಾನ್ಸರ್ ಬಂದಾಗ ಇದೇ ಗುಣ ಅದಕ್ಕೆ ಅನುಕೂಲವಾಗುತ್ತದೆ.

ಇನ್ನೊಂದು ಕೋಶದ ಪರಿಚಯ ಮಾಡಿಕೊಡಬೇಕು. ಸ್ಟೆಲೇಟ್ ಕೋಶ, ನಕ್ಷತ್ರದ ಆಕಾರದ್ದು. ಆರೋಗ್ಯವಾಗಿರುವ ಲಿವರ್‌ನಲ್ಲಿ ಇದರ ಕೆಲಸ ವಿಟಮಿನ್ ಎ ಕೂಡಿಡುವುದು. ಪುಟ್ಟ ಪುಟ್ಟ ಕೊಬ್ಬಿನ ಹನಿಗಳಲ್ಲಿ ಇಟ್ಟುಕೊಂಡು ತನ್ನ ಪಾಡಿಗೆ ಇರುತ್ತದೆ. ಲಿವರ್‌ಗೆ ಪೆಟ್ಟು ಬಿದ್ದಾಗ, ಹೆಪಟೈಟಿಸ್ ಬಿ ವೈರಸ್ ಇರಬಹುದು, ಹೆಂಡ ಇರಬಹುದು, ಕೊಬ್ಬು ಸೇರಿರಬಹುದು, ಈ ಕೋಶ ಕೂಡಿಟ್ಟ ವಿಟಮಿನ್ನನ್ನೆಲ್ಲ ಬಿಟ್ಟು ನಾರು ನೇಯಲು ಶುರು ಮಾಡುತ್ತದೆ. ಉಗ್ರಾಣ ನೋಡಿಕೊಳ್ಳುತ್ತಿದ್ದವನು ಗಾರೆ ಕೆಲಸಕ್ಕೆ ಇಳಿದ ಹಾಗೆ. ಪೆಟ್ಟು ಒಂದೆರಡು ಸಲವಾದರೆ ಗಾಯ ಮಾಯುತ್ತದೆ. ಹದಿನೈದು ಇಪ್ಪತ್ತು ವರ್ಷ ಬೀಳುತ್ತಲೇ ಇದ್ದರೆ ಲಿವರ್ ತುಂಬ ಗೋಡೆಗಳೇ ಏಳುತ್ತವೆ. ಅದು ಸಿರೋಸಿಸ್. ಲಿವರ್ ಕ್ಯಾನ್ಸರ್ ಹೆಚ್ಚಾಗಿ ಇಂಥ ಲಿವರ್‌ನಲ್ಲೇ ಹುಟ್ಟುತ್ತದೆ. ಬೀಜ ಬೀಳುವ ಎಷ್ಟೋ ವರ್ಷ ಮೊದಲೇ ಮಣ್ಣು ಹದವಾಗಿರುತ್ತದೆ.

ಬಸವನಗುಡಿಗೆ ಬಂದು ಕಡಲೆಕಾಯಿ ಬಗ್ಗೆ ಮಾತಾಡದೆ ಹೋಗುವುದು ಹೇಗೆ? ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಮುಂದೆ ರಾಶಿ ಬೀಳುತ್ತದಲ್ಲ, ನಾನೂ ಪ್ರತಿ ವರ್ಷ ಹೋಗಿ ಸೇರುಗಟ್ಟಲೆ ತರುತ್ತೇನೆ. ಒಳ್ಳೆಯ ಕಡಲೆಕಾಯಿ ಒಳ್ಳೆಯ ಆಹಾರ, ಧೈರ್ಯವಾಗಿ ತಿನ್ನಿ. ಆದರೆ ಸರಿಯಾಗಿ ಒಣಗಿಸದೆ ಕೂಡಿಟ್ಟ ಕಡಲೆಕಾಯಿ, ಮೆಕ್ಕೆಜೋಳದ ಮೇಲೆ ಹಸಿರು ಹಳದಿ ಬೂಷ್ಟು ಬರುತ್ತದೆ. ಅದು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಲಿವರ್ ಕೋಶದ ಡಿಎನ್‌ಎಯನ್ನೇ ಕೆಡಿಸುತ್ತದೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಗಡಿ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು 106 ಜನ ಸತ್ತರು. ಅವರು ಹೆಚ್ಚಿನವರು ಬಡವರು, ಮಳೆಗೆ ನೆನೆದ ಜೋಳ ಬಿಟ್ಟರೆ ಮನೆಯಲ್ಲಿ ಬೇರೆ ಇರಲಿಲ್ಲ. ಹುರಿದರೆ, ಬೇಯಿಸಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಬಾಯಿಗೆ ಕಹಿ ಬಂದ ಕಾಳನ್ನು ದಾಕ್ಷಿಣ್ಯ ಮಾಡದೆ ಉಗಿಯಿರಿ. ಹೆಪಟೈಟಿಸ್ ಬಿ ಇರುವವರಿಗೆ ಅಫ್ಲಾಟಾಕ್ಸಿನ್ ಕೂಡ ಸೇರಿದರೆ ಅಪಾಯ ಎಷ್ಟೋ ಪಟ್ಟು ಜಾಸ್ತಿ.

ಹೆಪಟೈಟಿಸ್ ಬಿ ಎಂದಾಗ ಒಂದು ಮಾತು. ದೊಡ್ಡವರಿಗೆ ಈ ವೈರಸ್ ತಗುಲಿದರೆ ನೂರಕ್ಕೆ ತೊಂಬತ್ತೈದು ಜನ ತಾವಾಗಿ ಗುಣವಾಗುತ್ತಾರೆ. ಹುಟ್ಟುವಾಗಲೇ ತಾಯಿಯಿಂದ ಮಗುವಿಗೆ ಬಂದರೆ ಲೆಕ್ಕ ತಿರುಗುಮುರುಗು, ನೂರಕ್ಕೆ ತೊಂಬತ್ತು ಮಕ್ಕಳಲ್ಲಿ ಅದು ಒಳಗೇ ಉಳಿದುಬಿಡುತ್ತದೆ. ಹುಟ್ಟಿದ 24 ಗಂಟೆಯೊಳಗೆ ಲಸಿಕೆಯ ಮೊದಲ ಡೋಸ್ ಕೊಟ್ಟು, ಮುಂದಿನ ಡೋಸ್‌ಗಳನ್ನೂ ಮುಗಿಸಿದರೆ ಬಹುಪಾಲು ತಡೆಯಬಹುದು. ತೈವಾನ್ 1984ರಲ್ಲಿ ಇದನ್ನು ಶುರು ಮಾಡಿತು. 1997ರ ಹೊತ್ತಿಗೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿದದ್ದು ಲೆಕ್ಕದಲ್ಲಿ ಕಾಣಿಸಿತು. ಒಂದು ಕ್ಯಾನ್ಸರನ್ನು ಲಸಿಕೆಯಿಂದ ತಡೆದದ್ದು ಕಣ್ಣಿಗೆ ಕಂಡದ್ದು ಅದೇ ಮೊದಲು. ನಿಮ್ಮ ಮನೆಯಲ್ಲಿ ಬಾಣಂತನ ಇದ್ದರೆ ಆ ಮೊದಲ ದಿನದ ಡೋಸ್ ಆಯಿತಾ ಎಂದು ಕೇಳಿ. ಮೊದಲಿನಿಂದ ವೈರಸ್ ಇರುವವರು, ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕು. ಗಡ್ಡೆ ಎರಡು ಸೆಂಟಿಮೀಟರ್ ಇರುವಾಗ ಸಿಕ್ಕರೆ ಕೊಯ್ದು ತೆಗೆಯಬಹುದು, ಸುಡಬಹುದು, ಲಿವರ್ ಕಸಿಯೂ ಮಾಡಬಹುದು. ನೋವು ಬಂದ ಮೇಲೆ ಬಂದರೆ ನಾವು ಈಗ ಮಾತಾಡುವ ಮಾತ್ರೆ, ಡ್ರಿಪ್‌ಗಳ ಲೋಕಕ್ಕೇ ಬರಬೇಕು.

ಆ ಲೋಕಕ್ಕೇ ಹೋಗೋಣ. ಲಿವರ್‌ಗೆ ಮುಕ್ಕಾಲು ರಕ್ತ ಕರುಳಿನ ಕಡೆಯಿಂದ ಬರುತ್ತದೆ ಎಂದೆ. ವಿಚಿತ್ರ ಏನೆಂದರೆ, ಲಿವರ್ ಕ್ಯಾನ್ಸರ್ ಗಡ್ಡೆ ಮಾತ್ರ ತನ್ನ ಊಟವನ್ನು ಹೆಚ್ಚುಕಮ್ಮಿ ಪೂರ್ತಿ ಅಪಧಮನಿಯಿಂದ ಎಳೆದುಕೊಳ್ಳುತ್ತದೆ. ತನಗೆ ಬೇಕಾದ ಹೊಸ ರಕ್ತನಾಳಗಳನ್ನು ತಾನೇ ಬೆಳೆಸಿಕೊಳ್ಳುತ್ತದೆ, ಮೇನ್ ಪೈಪಿಗೆ ಕಳ್ಳ ಕನೆಕ್ಷನ್ ಹಾಕಿಕೊಂಡ ಹಾಗೆ. ತೊಡೆಸಂದಿಯಿಂದ ಸಣ್ಣ ಕೊಳವೆ ತೂರಿಸಿ, ಆ ಅಪಧಮನಿಗೇ ಔಷಧಿ ಬಿಟ್ಟು, ಕೊನೆಗೆ ಅದನ್ನು ಮುಚ್ಚಿ ಬರುವ 'ಟೇಸ್' ಎಂಬ ಚಿಕಿತ್ಸೆ ನಿಂತಿರುವುದು ಇದೇ ವ್ಯತ್ಯಾಸದ ಮೇಲೆ. ಗಡ್ಡೆಗೆ ಊಟ ನಿಲ್ಲುತ್ತದೆ, ಸುತ್ತಲಿನ ಲಿವರ್ ಕರುಳಿನ ರಕ್ತದಿಂದ ಬದುಕಿಕೊಳ್ಳುತ್ತದೆ.

ಗಡ್ಡೆ ಬೆಳೆಯಬೇಕಾದರೆ ರಕ್ತನಾಳ ಬೇಕೇ ಬೇಕು, ಅದನ್ನು ತಡೆದರೆ ಗಡ್ಡೆಯನ್ನು ತಡೆಯಬಹುದು ಎಂದು 1971ರಲ್ಲೇ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಹೇಳಿದ್ದರು. ಆಗ ನಂಬಿದವರು ಕಡಿಮೆ. 1983ರಲ್ಲಿ ಡ್ವೊರಾಕ್ ಅವರ ಗುಂಪು, ವಾಸಿಯಾಗದ ಗಾಯದ ಮಾತು ಹೇಳಿದರಲ್ಲ ಅವರೇ, ಗಿನಿಯಿಲಿಗಳ ಹೊಟ್ಟೆಯಲ್ಲಿ ಗಡ್ಡೆಯಿಂದ ತುಂಬಿದ ನೀರನ್ನು ಪರೀಕ್ಷಿಸಿ ರಕ್ತನಾಳವನ್ನು ಸೋರುವಂತೆ ಮಾಡುವ ಒಂದು ವಸ್ತು ಹಿಡಿದರು. ಅದನ್ನೇ ಇವತ್ತು ವಿಇಜಿಎಫ್ ಎನ್ನುತ್ತೇವೆ. ಹೊಸ ರಕ್ತನಾಳಕ್ಕೆ ಕರೆ ಕಳಿಸುವ ವಸ್ತು ಅದೇ.

ಈ ಕರೆ ಕೋಶಕ್ಕೆ ತಲುಪುವ ದಾರಿಯನ್ನು ಮುಚ್ಚುವ ಮಾತ್ರೆ ಸೊರಾಫೆನಿಬ್. 2007ರಲ್ಲಿ ಅಮೆರಿಕದಲ್ಲಿ ಲಿವರ್ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆಯಿತು. 602 ರೋಗಿಗಳ ಪರೀಕ್ಷೆಯಲ್ಲಿ ಮಾತ್ರೆ ಇಲ್ಲದವರ ಮಧ್ಯಮ ಆಯುಷ್ಯ (ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಬದುಕಿದರು ಎಂದು ಅರ್ಥ) 7.9 ತಿಂಗಳು, ತೆಗೆದುಕೊಂಡವರದು 10.7 ತಿಂಗಳು. ಹೆಚ್ಚು ಕಡಿಮೆ ಮೂರು ತಿಂಗಳು. ಸ್ವಲ್ಪವೇ ಅನ್ನಿಸುತ್ತದೆ, ಅಲ್ವಾ? ಆದರೆ ಅದಕ್ಕೆ ಮೊದಲು ಮುಂದುವರಿದ ಲಿವರ್ ಕ್ಯಾನ್ಸರ್‌ಗೆ ಆಯುಷ್ಯ ಹೆಚ್ಚಿಸಿದ ಒಂದು ಮಾತ್ರೆಯೂ ಇರಲಿಲ್ಲ. ಬಾಗಿಲು ತೆರೆದದ್ದು ಅದು. ಅಂಗೈ, ಅಂಗಾಲಿನ ಚರ್ಮ ಕೆಂಪಾಗಿ ಸುಲಿಯುತ್ತದೆ. ಚಪ್ಪಲಿ ಹಾಕಲಾಗದೆ ಬರಿಗಾಲಲ್ಲಿ ವಾರ್ಡಿನಲ್ಲಿ ನಿಂತವರನ್ನು ನೋಡಿದ್ದೇನೆ.

ಇದರ ಬೆಲೆಯ ಕಥೆಯನ್ನು ನಾವು ಮರೆಯಬಾರದು. ತಿಂಗಳಿಗೆ 120 ಮಾತ್ರೆ. ಆಗ ಬೆಲೆ ಸುಮಾರು 2 ಲಕ್ಷ 80 ಸಾವಿರ ರೂಪಾಯಿ ಇತ್ತು. 2012ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ಕಚೇರಿ ಹೈದರಾಬಾದಿನ ನ್ಯಾಟ್ಕೋ ಕಂಪನಿಗೆ ಇದೇ ಮಾತ್ರೆ ತಯಾರಿಸಲು ಕಡ್ಡಾಯ ಪರವಾನಗಿ ಕೊಟ್ಟಿತು. ಅಂದರೆ ಪೇಟೆಂಟ್ ಇರುವ ಕಂಪನಿ ಒಪ್ಪದಿದ್ದರೂ ಬೇರೆಯವರು ತಯಾರಿಸಬಹುದು ಎಂಬ ಅನುಮತಿ. ದೇಶದ ಮೊದಲ ಕಡ್ಡಾಯ ಪರವಾನಗಿ ಅದು. ಹೊಸ ಬೆಲೆ 8,880 ರೂಪಾಯಿ. ಮೂಲ ಕಂಪನಿ ಬಾಯರ್‌ಗೆ ಮಾರಾಟದ ಶೇ 6ರಷ್ಟು ರಾಯಧನ ಎಂದು ಮೊದಲ ಆದೇಶದಲ್ಲಿತ್ತು. ಹೊಸ ಔಷಧಿ ಕಂಡುಹಿಡಿಯಲು ಹಣ ಬೇಕು, ನಿಜ. ಆದರೂ ಆ ಆದೇಶ ಸರಿ ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಹೊಲ ಮಾರಿ ಎರಡು ತಿಂಗಳ ಮಾತ್ರೆ ತಂದು ಮೂರನೇ ತಿಂಗಳಿಗೆ ನಿಲ್ಲಿಸಿದ ಮನೆಗಳು ನಮ್ಮ ಸುತ್ತಲೇ ಇದ್ದವು.

ಮುಂದೆ ಲೆನ್ವಾಟಿನಿಬ್ ಮತ್ತೆ ಕೆಲವು ಮಾತ್ರೆಗಳು ಬಂದವು. ಅವುಗಳ ವಿವರಕ್ಕೆ ಹೋಗುವುದಿಲ್ಲ, ದಾರಿ ಒಂದೇ. ದಿಕ್ಕು ಬದಲಾದದ್ದು ಕಾವಲುಗಾರನ ಕಡೆ ತಿರುಗಿದಾಗ. ಮೈ ಕಾಯುವ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯಾದ ಟಿ ಕೋಶಗಳ ಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ಅದನ್ನು ಕಂಡುಹಿಡಿದ ಜಪಾನಿನ ತಸುಕು ಹೊಂಜೊ, ಇನ್ನೊಂದು ಬ್ರೇಕ್ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಆಲಿಸನ್, ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು. ಗಡ್ಡೆ ಆ ಬ್ರೇಕನ್ನು ಒತ್ತಿ ಹಿಡಿದಿರುತ್ತದೆ. ಔಷಧಿ ಆ ಕಾಲನ್ನು ಎತ್ತಿಸುತ್ತದೆ. ಬ್ರೇಕ್ ಬಿಡಿಸುವ ಔಷಧಿಯೊಂದನ್ನೇ ಲಿವರ್ ಕ್ಯಾನ್ಸರ್‌ಗೆ ಕೊಟ್ಟಾಗ ಕೆಲವರಿಗೆ ಚೆನ್ನಾಗಿ ಕೆಲಸ ಮಾಡಿತು, ಬಹಳ ಜನಕ್ಕೆ ಇಲ್ಲ. ಯಾಕೆ? ಕಾವಲುಗಾರ ಒಳಗೆ ಬರುವ ದಾರಿಯೇ ಕೆಟ್ಟಿತ್ತು. ವಿಇಜಿಎಫ್ ರಕ್ತನಾಳವನ್ನು ಬೆಳೆಸುವುದಷ್ಟೇ ಅಲ್ಲ, ಆ ರಕ್ತನಾಳಗಳು ಸೊಟ್ಟಪಟ್ಟ, ಸೋರುವಂಥವು. ಜೊತೆಗೆ ಅದು ಟಿ ಕೋಶಗಳನ್ನು ಹತ್ತಿರ ಬಿಡುವುದಿಲ್ಲ, ಸುಮ್ಮನಿರಿಸುವ ಕೋಶಗಳನ್ನು ಕರೆಸಿಕೊಳ್ಳುತ್ತದೆ.

ಹಾಗಾದರೆ ಎರಡನ್ನೂ ಒಟ್ಟಿಗೆ ತಡೆದರೆ? 501 ರೋಗಿಗಳಲ್ಲಿ ಅದನ್ನೇ ಮಾಡಿ ನೋಡಿದರು. ಅಟೆಝೊಲಿಝುಮ್ಯಾಬ್ ಬ್ರೇಕ್ ಬಿಡಿಸಲು, ಬೆವಸಿಝುಮ್ಯಾಬ್ ವಿಇಜಿಎಫ್ ಹಿಡಿಯಲು. 2020ರಲ್ಲಿ ಫಲಿತಾಂಶ ಬಂತು. ಮುಂದಿನ ಲೆಕ್ಕದಲ್ಲಿ ಮಧ್ಯಮ ಆಯುಷ್ಯ 19.2 ತಿಂಗಳು, ಸೊರಾಫೆನಿಬ್ ತೆಗೆದುಕೊಂಡವರದು 13.4. ಎರಡು ಬೇರೆ ಬೇರೆ ಬ್ರೇಕ್‌ಗಳನ್ನು ಒಟ್ಟಿಗೆ ಬಿಡಿಸುವ ಇನ್ನೊಂದು ಜೋಡಿ ಔಷಧಿಯಲ್ಲಿ ಐದು ವರ್ಷದ ನಂತರವೂ ನೂರಕ್ಕೆ ಸುಮಾರು 20 ಜನ ಬದುಕಿದ್ದರು. ಮುಂದುವರಿದ ಲಿವರ್ ಕ್ಯಾನ್ಸರ್‌ನಲ್ಲಿ ಐದು ವರ್ಷ ಎಂಬ ಮಾತನ್ನೇ ನಾವು ಆಡುತ್ತಿರಲಿಲ್ಲ. ಆ ಅಂಕಿ ನೋಡಿದ ದಿನ ನಾನು ಲ್ಯಾಬಿನಲ್ಲಿ ಎಲ್ಲರನ್ನೂ ಕರೆದು ಓದಿ ಹೇಳಿದೆ.

ಇಲ್ಲೂ ಮಣ್ಣನ್ನು ಮರೆಯುವ ಹಾಗಿಲ್ಲ. ಸಿರೋಸಿಸ್ ಇರುವವರ ಅನ್ನನಾಳದಲ್ಲಿ ರಕ್ತನಾಳಗಳು ಉಬ್ಬಿರುತ್ತವೆ. ಬೆವಸಿಝುಮ್ಯಾಬ್ ಕೊಟ್ಟರೆ ಅವು ಒಡೆದು ರಕ್ತ ಹೋಗಬಹುದು. ಅದಕ್ಕೇ ಮೊದಲು ಎಂಡೋಸ್ಕೋಪಿ ಮಾಡಿ, ಉಬ್ಬಿದ ನಾಳ ಇದ್ದರೆ ಅದಕ್ಕೆ ಚಿಕಿತ್ಸೆ ಕೊಟ್ಟು, ಆಮೇಲೆ ಶುರು ಮಾಡುತ್ತಾರೆ. 'ಕ್ಯಾನ್ಸರ್‌ಗೆ ಬಂದರೆ ಗಂಟಲಿಗೆ ಯಾಕೆ ಪೈಪ್ ಹಾಕುತ್ತಾರೆ' ಎಂದು ಬೇಜಾರು ಮಾಡಿಕೊಳ್ಳುವವರು ಇದ್ದಾರೆ. ಕಾರಣ ಇದು.

ಇನ್ನು ಪಿತ್ತನಾಳ. ಬೆಂಗಳೂರಿನವರಿಗೆ ಇದನ್ನು ವಿವರಿಸುವುದು ಸುಲಭ, ರಾಜಕಾಲುವೆ ನೆನಪಿಸಿಕೊಳ್ಳಿ. ಲಿವರ್‌ನ ಮೂಲೆ ಮೂಲೆಯಿಂದ ಸಣ್ಣ ಕಾಲುವೆಗಳು ಪಿತ್ತ ಹೊತ್ತು ಬಂದು, ಒಂದಕ್ಕೊಂದು ಸೇರಿ, ದೊಡ್ಡ ಕಾಲುವೆಯಾಗಿ ಕರುಳಿಗೆ ಬೀಳುತ್ತವೆ. ನಡುವೆ ಪಿತ್ತಕೋಶ ಒಂದು ಕೆರೆಯ ಹಾಗೆ. ಕಾಲುವೆ ಮುಚ್ಚಿದರೆ ನೀರು ಮನೆಗೆ ನುಗ್ಗುತ್ತದೆ. ಪಿತ್ತನಾಳ ಮುಚ್ಚಿದರೆ ಪಿತ್ತ ರಕ್ತಕ್ಕೆ ನುಗ್ಗುತ್ತದೆ. ಕಣ್ಣು ಹಳದಿ, ಮೂತ್ರ ಗಾಢ ಹಳದಿ, ಮಲ ಬಿಳಿಚಿಕೊಂಡು ಸುಣ್ಣದ ಹಾಗೆ, ಮೈಯೆಲ್ಲ ತುರಿಕೆ. ನೋವಿಲ್ಲದ ಕಾಮಾಲೆ, ಬಿಳಿ ಮಲ, ತುರಿಕೆ ಮೂರೂ ಸೇರಿದರೆ ಒಂದು ದಿನವೂ ಕಾಯಬೇಡಿ.

ನಮ್ಮಲ್ಲಿ ಕಾಮಾಲೆ ಎಂದ ಕೂಡಲೇ ನೆಲನೆಲ್ಲಿ ನೆನಪಾಗುತ್ತದೆ. ನನ್ನ ಅಜ್ಜಿಯೂ ಅರೆದು ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಅದನ್ನು ಹಗುರವಾಗಿ ಕಾಣುವವನಲ್ಲ ನಾನು. ಹೆಪಟೈಟಿಸ್ ಬಿ ವೈರಸ್ ಪತ್ತೆಗೆ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಂಬರ್ಗ್ ಅವರೇ ಚೆನ್ನೈನ ವಿಜ್ಞಾನಿಗಳ ಜೊತೆ ಸೇರಿ ನೆಲನೆಲ್ಲಿಯನ್ನು ರೋಗಿಗಳಲ್ಲಿ ಪರೀಕ್ಷಿಸಿ 1988ರಲ್ಲಿ ಪ್ರಕಟಿಸಿದರು. ಫಲಿತಾಂಶ ಆಸೆ ಹುಟ್ಟಿಸಿತ್ತು. ಆಮೇಲೆ ಬೇರೆಯವರು ಮಾಡಿದಾಗ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ವೈರಸ್ ಕಾಮಾಲೆ ಬಹಳ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ಆದರೆ ನಾಳ ಮುಚ್ಚಿ ಬಂದ ಕಾಮಾಲೆಗೆ ಯಾವ ಸೊಪ್ಪೂ ದಾರಿ ಬಿಡಿಸುವುದಿಲ್ಲ. ಅದಕ್ಕೆ ನಾಳ ತೆರೆದಿಡುವ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಬೇಕು. ಎರಡು ತಿಂಗಳು ನಾಟಿ ಔಷಧಿ ಮಾಡಿ, ಹಳದಿ ಜಾಸ್ತಿಯಾಗಿ, ಕೊನೆಗೆ ಬಂದವರ ಬಯಾಪ್ಸಿ ನೋಡುವಾಗ ನನಗೆ ಸಂಕಟವಾಗುತ್ತದೆ.

ಪಿತ್ತನಾಳದ ಕ್ಯಾನ್ಸರ್ ಈಶಾನ್ಯ ಥಾಯ್ಲೆಂಡಿನಲ್ಲಿ ಬಹಳ. ಅಲ್ಲಿ ಹಸಿ ಮೀನು ತಿನ್ನುವ ರೂಢಿ ಇದೆ, ಮೀನಿನಿಂದ ಬರುವ ಚಪ್ಪಟೆ ಹುಳು ಪಿತ್ತನಾಳದಲ್ಲೇ ವರ್ಷಗಟ್ಟಲೆ ಬದುಕುತ್ತದೆ. ನಮ್ಮ ದೇಶದಲ್ಲಿ ಗಂಗಾ ಬಯಲಿನ ಕಡೆ ಪಿತ್ತಕೋಶದ ಕ್ಯಾನ್ಸರ್ ಜಾಸ್ತಿ, ದಕ್ಷಿಣದಲ್ಲಿ ಕಡಿಮೆ.

ಮೊದಲು ತೋರಿಸಿದ ಚಿತ್ರಕ್ಕೆ ವಾಪಸ್ ಬರೋಣ. ಎಲ್ಲ ಗಡ್ಡೆಗಳಲ್ಲೂ ನಾರು ಇರುತ್ತದೆ, ಪಿತ್ತನಾಳದ ಗಡ್ಡೆಯಲ್ಲಿ ಅತಿ. ಸೂಜಿ ಹಾಕುವಾಗಲೇ ವೈದ್ಯರ ಕೈಗೆ ಆ ಗಟ್ಟಿತನ ಗೊತ್ತಾಗುತ್ತದೆ. ಟಿ ಕೋಶಗಳು ಈ ನಾರಿನ ಅಂಚಿನಲ್ಲಿ ಸಾಲುಗಟ್ಟಿ ನಿಂತಿರುತ್ತವೆ, ನೋಡಿ, ಈ ಕಪ್ಪು ನೀಲಿ ಚುಕ್ಕೆಗಳು. ಉಂಗುರದ ಹತ್ತಿರ ಒಂದೂ ಇಲ್ಲ. ಗೇಟಿನ ಹೊರಗೆ ನಿಂತ ಜನರ ಹಾಗೆ.

ಹಾಗಾದರೆ ನಾರನ್ನೇ ಕರಗಿಸಿದರೆ ಆಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ನಮಗೂ ಅನ್ನಿಸಿತ್ತು. ಇದೇ ರೀತಿ ನಾರು ತುಂಬಿದ ಇನ್ನೊಂದು ಕ್ಯಾನ್ಸರ್ ಮೇದೋಜೀರಕ ಗ್ರಂಥಿಯದು. 2014ರಲ್ಲಿ ಇಲಿಗಳಲ್ಲಿ ನಾರು ನೇಯುವ ಕೋಶಗಳನ್ನು ತೆಗೆದು ನೋಡಿದರು. ಗಡ್ಡೆ ಇನ್ನೂ ಉಗ್ರವಾಯಿತು, ಇಲಿಗಳು ಬೇಗ ಸತ್ತವು. ಆ ಬೇಲಿ ಕಾವಲುಗಾರನನ್ನು ಹೊರಗಿಟ್ಟದ್ದು ನಿಜ, ಕಳ್ಳನನ್ನು ಒಳಗೆ ಕಟ್ಟಿಹಾಕಿದ್ದೂ ನಿಜ. ಪಿತ್ತನಾಳದ ಕ್ಯಾನ್ಸರ್‌ನಲ್ಲೂ ನಾರಿಗೆ ಕುಮ್ಮಕ್ಕು ಕೊಡುವ ಟಿಜಿಎಫ್-ಬೀಟಾ ಎಂಬ ವಸ್ತುವನ್ನೂ ಬ್ರೇಕನ್ನೂ ಒಟ್ಟಿಗೆ ಹಿಡಿಯುವ ಒಂದು ಔಷಧಿಯನ್ನು ಕೀಮೋ ಜೊತೆ ಪರೀಕ್ಷಿಸಿದರು. ಗುರಿ ಮುಟ್ಟುವ ಲಕ್ಷಣ ಕಾಣದೆ 2021ರಲ್ಲಿ ನಿಲ್ಲಿಸಿದರು. ನಾರು ನೇಯುವ ಕೋಶಗಳಲ್ಲಿ ಹಲವು ಬಗೆ ಇವೆ, ಕೆಲವು ಗಡ್ಡೆಗೆ ಸಹಾಯ ಮಾಡುತ್ತವೆ, ಕೆಲವು ತಡೆಯುತ್ತವೆ. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬುದೇ ಈಗಿನ ಕೆಲಸ.

ಇಂದಿನ ಮೊದಲ ಚಿಕಿತ್ಸೆ ಏನು? 2010ರಲ್ಲಿ 410 ರೋಗಿಗಳ ಪರೀಕ್ಷೆಯಲ್ಲಿ ಜೆಮ್ಸಿಟಾಬಿನ್ ಜೊತೆ ಸಿಸ್‌ಪ್ಲಾಟಿನ್ ಸೇರಿಸಿದಾಗ ಮಧ್ಯಮ ಆಯುಷ್ಯ 8.1ರಿಂದ 11.7 ತಿಂಗಳಿಗೆ ಏರಿತು. ಹನ್ನೆರಡು ವರ್ಷ ಅದನ್ನು ಮೀರಿಸುವುದು ಬರಲಿಲ್ಲ. 2022ರಲ್ಲಿ ಆ ಕೀಮೋಗೆ ಬ್ರೇಕ್ ಬಿಡಿಸುವ ಡರ್ವಾಲುಮ್ಯಾಬ್ ಸೇರಿಸಿದರು. 11.5 ಇದ್ದದ್ದು 12.8 ತಿಂಗಳಾಯಿತು. ನಡುವಿನ ಅಂಕಿ ನೋಡಿದರೆ ಒಂದು ತಿಂಗಳ ಚಿಲ್ಲರೆ. ಆದರೆ ಎರಡು ವರ್ಷ ದಾಟಿದವರು ನೂರಕ್ಕೆ 10 ಇದ್ದದ್ದು 25ರ ಹತ್ತಿರ ಬಂತು. ಯಾರ ಗೇಟು ತೆರೆಯುತ್ತದೋ ಅವರಿಗೆ ಚೆನ್ನಾಗಿ ತೆರೆಯುತ್ತದೆ.

ಬೀಜಕ್ಕೇ ಗುರಿ ಇಟ್ಟ ಔಷಧಿಗಳೂ ಪಿತ್ತನಾಳದಲ್ಲಿ ಜಾಸ್ತಿ ಸಿಕ್ಕಿವೆ. ಲಿವರ್‌ನೊಳಗಿನ ಪಿತ್ತನಾಳದ ಕ್ಯಾನ್ಸರ್‌ನಲ್ಲಿ ನೂರಕ್ಕೆ ಹತ್ತು ಹದಿನೈದು ಜನರಿಗೆ ಎಫ್‌ಜಿಎಫ್‌ಆರ್-2 ಎಂಬ ಜೀನ್ ತುಂಡಾಗಿ ಇನ್ನೊಂದು ಜೀನಿಗೆ ಅಂಟಿಕೊಂಡಿರುತ್ತದೆ. ಎರಡು ಬೇರೆ ಪುಸ್ತಕದ ಹಾಳೆ ಸೇರಿಸಿ ಹೊಲಿದ ಹಾಗೆ. ಹೀಗೆ ಅಂಟಿದ ಮೇಲೆ ಬೆಳೆ ಬೆಳೆ ಎನ್ನುವ ಸ್ವಿಚ್ ಆರುವುದೇ ಇಲ್ಲ. ಪೆಮಿಗಾಟಿನಿಬ್ ಎಂಬ ಮಾತ್ರೆ ಆ ಸ್ವಿಚ್ ಆರಿಸುತ್ತದೆ. 107 ಜನರಲ್ಲಿ ನೂರಕ್ಕೆ 35ರಷ್ಟು ಮಂದಿಗೆ ಗಡ್ಡೆ ಕುಗ್ಗಿತು, 2020ರಲ್ಲಿ ಒಪ್ಪಿಗೆ ಸಿಕ್ಕಿತು. ರಕ್ತದಲ್ಲಿ ಫಾಸ್ಫೇಟ್ ಏರುತ್ತದೆ, ಊಟ ನೋಡಿಕೊಂಡು ಮಾಡಬೇಕು, ಉಗುರು ಕೆಡುತ್ತದೆ, ಕಣ್ಣು ತೋರಿಸಿಕೊಳ್ಳುತ್ತಿರಬೇಕು. ಕಾಲ ಕಳೆದಂತೆ ಗಡ್ಡೆ ಆ ಜೀನನ್ನು ಮತ್ತೆ ಸ್ವಲ್ಪ ಬದಲಿಸಿಕೊಂಡು ಮಾತ್ರೆಯಿಂದ ತಪ್ಪಿಸಿಕೊಳ್ಳುತ್ತದೆ. ಆಗ ಆ ಜೀನ್ ತಯಾರಿಸುವ ಪ್ರೋಟೀನಿಗೆ ಬಿಡದೆ ಅಂಟಿಕೊಳ್ಳುವ ಫುಟಿಬಾಟಿನಿಬ್ ಇದೆ.

ಐಡಿಎಚ್-1 ಇನ್ನೂ ಕುತೂಹಲದ್ದು. ಈ ಜೀನ್ ಕೆಟ್ಟ ಕೋಶ ಬೇಡದ ಒಂದು ರಸಾಯನಿಕವನ್ನು ರಾಶಿ ರಾಶಿ ತಯಾರಿಸುತ್ತದೆ. ಇಲಿಗಳಲ್ಲಿ ನೋಡಿದರೆ, ಐವೊಸಿಡೆನಿಬ್ ಮಾತ್ರೆ ಕೊಟ್ಟು ಅದನ್ನು ನಿಲ್ಲಿಸಿದಾಗ ಟಿ ಕೋಶಗಳು ಗಡ್ಡೆಯೊಳಗೆ ಬರತೊಡಗುತ್ತವೆ. ಅಂದರೆ ಬೀಜವೇ ಸುತ್ತಲಿನ ಮಣ್ಣಿಗೆ ವಿಷ ಹಾಕುತ್ತಿತ್ತು. ಪಿತ್ತಕೋಶದ ಕ್ಯಾನ್ಸರ್‌ನಲ್ಲಿ ಹರ್-2 ಜಾಸ್ತಿ ಸಿಗುತ್ತದೆ, ಸ್ತನ ಕ್ಯಾನ್ಸರ್‌ನಲ್ಲಿ ಕೇಳಿರುತ್ತೀರಲ್ಲ, ಅದೇ. ಅದಕ್ಕೂ ಔಷಧಿಗಳಿವೆ.

ಇವೆಲ್ಲಕ್ಕೂ ಒಂದು ಷರತ್ತು. ಯಾವ ಜೀನ್ ಕೆಟ್ಟಿದೆ ಎಂದು ಪರೀಕ್ಷಿಸಲು ಅಂಗಾಂಶ ಬೇಕು. ಇಲ್ಲಿ ನನ್ನ ಮನಸ್ಸಿನಲ್ಲಿ ಉಳಿದುಹೋದ ಒಂದು ಘಟನೆ ಹೇಳಬೇಕು. ಕೆಲವು ವರ್ಷದ ಹಿಂದೆ ಒಬ್ಬ ತಾಯಿಯ ಬಯಾಪ್ಸಿ ಬಂತು. ಎರಡೇ ಎಳೆ, ಒಂದು ಅಕ್ಕಿಕಾಳಿನಷ್ಟು ಉದ್ದ. ಲಿವರ್‌ನಲ್ಲಿ ಗಡ್ಡೆ, ಆದರೆ ಕರುಳಿನಿಂದ ಬಂದದ್ದೋ, ಮೇದೋಜೀರಕದಿಂದಲೋ, ಸ್ತನದಿಂದಲೋ ಗೊತ್ತಿಲ್ಲ. ಒಂದಾದ ಮೇಲೊಂದು ವಿಶೇಷ ಬಣ್ಣದ ಪರೀಕ್ಷೆ ಬರೆದೆ. ಪ್ರತಿ ಸಲ ಬ್ಲಾಕನ್ನು, ಅಂದರೆ ಅಂಗಾಂಶ ಕೂರಿಸಿದ ಮೇಣದ ತುಂಡನ್ನು, ಕೊಯ್ಯುವ ಯಂತ್ರಕ್ಕೆ ಕೂರಿಸಿ ಮಟ್ಟ ಮಾಡುವಾಗ ಸ್ವಲ್ಪ ಸ್ವಲ್ಪ ಸವೆಯಿತು. ಕೊನೆಗೆ ಪಿತ್ತನಾಳದ್ದೇ ಎಂದು ಖಾತ್ರಿಯಾಯಿತು, ರಿಪೋರ್ಟ್ ಕೊಟ್ಟೆ. ಆರು ತಿಂಗಳ ನಂತರ ಕೀಮೋ ಕೆಲಸ ನಿಲ್ಲಿಸಿತು. ಜೀನ್ ಪರೀಕ್ಷೆ ಮಾಡೋಣ ಎಂದು ಅವರ ವೈದ್ಯರು ಬ್ಲಾಕ್ ಕೇಳಿದರು. ಬ್ಲಾಕ್ ತೆಗೆದು ಬೆಳಕಿಗೆ ಹಿಡಿದೆ. ಬರೀ ಮೇಣ. ಮತ್ತೆ ಸೂಜಿ ಹಾಕುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ಹುಡುಕುವ ಪರೀಕ್ಷೆ ಆಗ ನಮ್ಮ ಕೈಗೆಟುಕುವ ಹಾಗೆ ಇರಲಿಲ್ಲ. ಅವರ ಮಗ ಆ ಬ್ಲಾಕನ್ನು ಕೈಯಲ್ಲಿ ಹಿಡಿದು, 'ಸರ್, ಇದರಲ್ಲಿ ಏನೂ ಉಳಿದಿಲ್ಲವಾ?' ಎಂದು ಕೇಳಿದ. ಎಫ್‌ಜಿಎಫ್‌ಆರ್-2 ಇತ್ತೋ ಇಲ್ಲವೋ, ಯಾರಿಗೂ ಗೊತ್ತಾಗಲಿಲ್ಲ.

ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಲಿವರ್‌ನ ಸಣ್ಣ ಬಯಾಪ್ಸಿ ಬಂದರೆ ಮೊದಲ ಸಲ ಯಂತ್ರಕ್ಕೆ ಕೂರಿಸಿದಾಗಲೇ ಬಣ್ಣ ಹಾಕದ ಹತ್ತು ಹದಿನೈದು ಗಾಜುಗಳನ್ನು ಕೊಯ್ದು ಎತ್ತಿಡುತ್ತೇವೆ. ಬಣ್ಣದ ಪರೀಕ್ಷೆ ಮೂರು ನಾಲ್ಕಕ್ಕೆ ಮುಗಿಸಲು ನೋಡುತ್ತೇವೆ. ಜೀನ್ ಪರೀಕ್ಷೆ ಕೊನೆಗೆ ನೋಡೋಣ ಎನ್ನದೆ, ಕೀಮೋ ಶುರುವಾಗುವ ಹೊತ್ತಿಗೇ ಕಳಿಸಿ ಎಂದು ವೈದ್ಯರಿಗೆ ಹೇಳುತ್ತೇವೆ. ಫಲಿತಾಂಶ ಬರಲು ವಾರಗಳು ಬೇಕು, ಈ ರೋಗ ಅಷ್ಟು ದಿನ ಕಾದು ಕೂರುವುದಿಲ್ಲ.

ನಿಮ್ಮವರಿಗೆ ಯಾರಿಗಾದರೂ ಇಂಥ ಬಯಾಪ್ಸಿ ಆದರೆ ಸೂಜಿ ಹಾಕುವ ಮೊದಲೇ ಕೇಳಿ: ಜೀನ್ ಪರೀಕ್ಷೆಗೂ ಸಾಕಾಗುವಷ್ಟು ತೆಗೆಯುತ್ತೀರಾ? ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆಸ್ಪತ್ರೆ ಬದಲಿಸುವಾಗ ರಿಪೋರ್ಟ್ ಮತ್ತು ಸ್ಕ್ಯಾನ್ ಜೊತೆ ಗಾಜುಗಳನ್ನೂ ಬ್ಲಾಕನ್ನೂ ಅರ್ಜಿ ಕೊಟ್ಟು ಪಡೆಯಿರಿ. ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ. ತಣ್ಣನೆ ಜಾಗದಲ್ಲಿ, ಡಬ್ಬಿಯಲ್ಲಿ ಇಟ್ಟರೆ ವರ್ಷಗಟ್ಟಲೆ ಇರುತ್ತದೆ.

ತುಂಬ ಜನ ಬ್ಲಾಕ್ ಎಂದರೆ ಏನೆಂದೇ ನೋಡಿರುವುದಿಲ್ಲ, ಅದಕ್ಕೇ ಒಂದು ತಂದಿದ್ದೇನೆ. ಇದು ಖಾಲಿಯದು, ಕಲಿಸಲು ಮಾಡಿಟ್ಟದ್ದು. ಬೆಂಕಿಪೊಟ್ಟಣಕ್ಕಿಂತ ಸಣ್ಣದು. ಪ್ಲಾಸ್ಟಿಕ್ ಚೌಕಟ್ಟು, ಒಳಗೆ ಬಿಳಿ ಮೇಣ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ನಂಬರ್. ಮುಂದಿನ ಸಾಲಿನಿಂದ ಶುರು ಮಾಡಿ, ಒಮ್ಮೆ ಕೈಯಲ್ಲಿ ಹಿಡಿದು ನೋಡಿ ಹಿಂದಕ್ಕೆ ದಾಟಿಸಿ.